ತಾನಾಗಿ ದುಡಿಯುವ ಯಂತ್ರ: ಹಾಕುವುದು ಮತ್ತು ತೆಗೆಯುವುದು

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ತಮ್ಮಲ್ಲಿ ಅನೇಕರು ಬೆಳಿಗ್ಗೆ ನಾಲ್ಕೂವರೆಗೆ ಏಳಬೇಕಾದವರು ಎಂಬುದನ್ನು ನಾನು ಬಲ್ಲೆ. ಆದುದರಿಂದ ಪೀಠಿಕೆ ಹಾಕುವುದಿಲ್ಲ. ಕಳೆದ ಸಭೆಯಲ್ಲಿ ಒಬ್ಬ ಹಿರಿಯರು ಎದ್ದು ನಿಂತು, "ತೀರಿಕೊಂಡ ಸದಸ್ಯರಿಗೂ ಸಂಘದಿಂದ ಚಂದಾ ಬಾಕಿಯ ಪತ್ರ ಹೋಗುತ್ತದಂತೆ, ನಿಜವೆ?" ಎಂದು ಕೇಳಿದ್ದರು. ಅಂದು ಸಮಯವಿಲ್ಲವೆಂದು ಹೇಳಿ ತಪ್ಪಿಸಿಕೊಂಡೆ. ನಿಜ ಹೇಳುವುದಾದರೆ ಸಮಯವಿತ್ತು, ನಾಚಿಕೆಯಾಗಿತ್ತು. ಪತ್ರ ಹೋದದ್ದು ನಿಜ. ಒಂದಲ್ಲ, ಐದು ಹೋದುವು. ಹೇಗೆ ಹೋದುವು, ನಿಲ್ಲಿಸಲು ಹೊರಟ ನಾನು ಎಲ್ಲಿ ಎಡವಿದೆ, ಎಡವಿದ ಜಾಗದಲ್ಲಿ ಇನ್ನೇನು ಕಂಡಿತು ಎಂಬುದನ್ನು ಇಂದು ಅರಿಕೆ ಮಾಡಿಕೊಳ್ಳುತ್ತೇನೆ.

2020ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ದೇಶಕ್ಕೆಲ್ಲ ಬೀಗ ಬಿದ್ದಾಗ ನಮ್ಮ ಹೋಟೆಲುಗಳ ಒಲೆ ಆರಿದ್ದನ್ನು ಯಾರೂ ಮರೆತಿಲ್ಲ. ಕೆಲವರು ಊರು ಸೇರಿದರು, ಕೆಲವರು ಹೋಟೆಲಿನ ಅಟ್ಟದಲ್ಲೇ ಉಳಿದರು. ಯಾರಿಗೆ ಅಕ್ಕಿ ಬೇಕು, ಯಾರಿಗೆ ಔಷಧ ಬೇಕು, ಯಾರ ಖಾತೆಗೆ ಹಣ ಹಾಕಬೇಕು ಎಂಬ ಪಟ್ಟಿ ಮೊದಲು ನನ್ನ ನೋಟ್‌ಬುಕ್ಕಿನಲ್ಲಿತ್ತು. ಬುಕ್ಕು ನನ್ನ ಖೋಲಿಯಲ್ಲಿ, ಖಜಾಂಚಿಗಳು ಊರಿನಲ್ಲಿ, ಅಧ್ಯಕ್ಷರು ಉಪನಗರದಲ್ಲಿ. ಕೆಲಸ ಸಾಗಲಿಲ್ಲ. ಆಗ ಪಟ್ಟಿಯನ್ನು ಗೂಗಲ್ ಶೀಟಿಗೆ ಏರಿಸಿದೆವು. ಅದೂ ಒಂದು ಲೆಕ್ಕದ ಪುಸ್ತಕವೇ. ಆದರೆ ಕಪಾಟಿನಲ್ಲಿ ಇರುವುದಿಲ್ಲ, ಗೂಗಲ್ ಕಂಪನಿಯ ಕಂಪ್ಯೂಟರುಗಳಲ್ಲಿ ಇರುತ್ತದೆ. ಅನುಮತಿ ಇದ್ದವರು ಎಲ್ಲಿಂದಲಾದರೂ ತೆರೆದು ಬರೆಯಬಹುದು.

ಸಂಕಟ ಕಳೆಯಿತು, ಪುಸ್ತಕ ಉಳಿಯಿತು. ಆ ಮೇಲೆ ಒಂದೊಂದಾಗಿ ಎಲ್ಲವೂ ಅದರೊಳಗೆ ಬಂತು. ಸದಸ್ಯರ ಹೆಸರು, ಊರು, ಫೋನ್ ನಂಬರು, ಕೆಲವರ ಬ್ಯಾಂಕ್ ಖಾತೆಯ ನಂಬರು, ತಿಂಗಳ ಚಂದಾ. ಇಷ್ಟೇ ಆಗಿದ್ದರೆ ಅಡ್ಡಿ ಇರಲಿಲ್ಲ. ಓವರ್‌ಟೈಮಿನ ಪಗಾರ ಸಿಗದವರ ಹೇಳಿಕೆಗಳನ್ನೂ ಅದೇ ಪುಸ್ತಕದ ಇನ್ನೊಂದು ಹಾಳೆಯಲ್ಲಿ ಬರೆದಿಟ್ಟೆವು. ಯಾವ ಹೋಟೆಲು, ಯಾವ ದಿನ, ಎಷ್ಟು ತಾಸು, ಹೇಳಿದವರು ಯಾರು. ಆ ಹಾಳೆ ಒಬ್ಬ ಧಣಿಯ ಕೈಗೆ ಸಿಕ್ಕರೆ ಮರುದಿನ ಎಷ್ಟು ಜನ ತಮ್ಮ ಟ್ರಂಕು ಹೊತ್ತು ಬೀದಿಯಲ್ಲಿ ನಿಲ್ಲುತ್ತಾರೆಂಬುದನ್ನು ನಾನು ವಿವರಿಸಬೇಕಾಗಿಲ್ಲ.

ಇನ್ನು ಯಂತ್ರದ ವಿಚಾರ. ನಮ್ಮ ಸದಸ್ಯರೊಬ್ಬರ ಮಗ, ಆಗ ಕಾಲೇಜಿನಲ್ಲಿದ್ದವನು, ನಾನು ರಾತ್ರಿ ಕುಳಿತು ಒಂದೊಂದೇ ಹೆಸರು ನೋಡಿ ಬಾಕಿಯ ಪತ್ರ ಬರೆಯುವುದನ್ನು ಕಂಡು, "ಅಣ್ಣಾ, ಇದಕ್ಕೆಲ್ಲ ಆಡ್-ಆನ್ ಇದೆ" ಎಂದ. ಗ್ರೈಂಡರಿಗೆ ತೆಂಗಿನಕಾಯಿ ತುರಿಯುವ ಮುಳ್ಳನ್ನು ಸಿಕ್ಕಿಸುತ್ತೇವಷ್ಟೆ? ಮೋಟಾರು ಗ್ರೈಂಡರಿನದು, ಕೆಲಸ ಹೊಸದು. ಹಾಗೆಯೇ ಇದು. ಶೀಟಿಗೆ ಸಿಕ್ಕಿಸಿದರೆ ಆಡ್-ಆನ್ ಎನ್ನುತ್ತಾರೆ, ಕ್ರೋಮಿಗೆ ಸಿಕ್ಕಿಸಿದರೆ ಎಕ್ಸ್‌ಟೆನ್ಶನ್, ಬೇರೆ ಕಡೆ ಪ್ಲಗಿನ್. ಹೆಸರು ಮೂರು, ಜಾತಿ ಒಂದೇ. ಸಭೆಯ ನೋಟೀಸನ್ನು ಎಲ್ಲರ ಇಮೇಲಿಗೆ ಅವರವರ ಹೆಸರು ಹಾಕಿ ಕಳುಹಿಸುವ ಒಂದು ಆಡ್-ಆನ್ ಸಿಕ್ಕಿಸಿದೆವು. ಚಂದಾ ಕೂಡಿಸಿ ಕಳೆಯುವ ಇನ್ನೊಂದು. ಹುಡುಗ ತಾನೇ ಬರೆದ ಒಂದು ಪುಟ್ಟ ಸ್ಕ್ರಿಪ್ಟನ್ನೂ ಹಾಕಿಕೊಟ್ಟ. ಅದು ಪ್ರತಿ ತಿಂಗಳ 5ನೆಯ ತಾರೀಖು ಬೆಳಿಗ್ಗೆ ಎದ್ದು, ಚಂದಾದ ಕೋಣೆ ಖಾಲಿ ಇದ್ದವರಿಗೆಲ್ಲ ಬಾಕಿಯ ಪತ್ರ ಕಳುಹಿಸುತ್ತದೆ. ನನ್ನ ತಿಂಗಳಿಗೆ ಎರಡು ರಾತ್ರಿ ಉಳಿಯಿತು. ಬಹಳ ಸಂತೋಷಪಟ್ಟೆವು, ಹುಡುಗನಿಗೆ ಸಭೆಯಲ್ಲಿ ಶಾಲು ಹೊದಿಸಿದೆವು. ಅದು ಸರಿಯಾಗಿಯೇ ಇತ್ತು. ಇಂದಿಗೂ ಆ ಶಾಲನ್ನು ನಾನು ವಾಪಸು ಕೇಳುವುದಿಲ್ಲ.

2023ರ ನವೆಂಬರಿನಲ್ಲಿ ನಮ್ಮ ಸದಸ್ಯರೊಬ್ಬರು, ದೋಸೆಕಲ್ಲಿನ ಮುಂದೆ ಆಯುಷ್ಯ ಕಳೆದವರು, ಊರಿನಲ್ಲಿ ತೀರಿಕೊಂಡರು. ನಾನು ಶೀಟಿನ ಷರಾ ಕೋಣೆಯಲ್ಲಿ 'ದಿವಂಗತ' ಎಂದು ಬರೆದೆ. ಹೆಸರನ್ನು ಅಳಿಸಲಿಲ್ಲ, ಏಕೆಂದರೆ ಸಂಘದ ಪರಿಹಾರ ನಿಧಿಯ ಹಣ ಮನೆಯವರಿಗೆ ಇನ್ನೂ ಹೋಗಬೇಕಾಗಿತ್ತು. ಆದರೆ ಆ ಸ್ಕ್ರಿಪ್ಟು ಷರಾ ನೋಡುವುದಿಲ್ಲ. ಅದು ನೋಡುವುದು ಚಂದಾದ ಕೋಣೆ ಒಂದನ್ನೇ. ಕೋಣೆ ಖಾಲಿ, ಪತ್ರ ಹೋಯಿತು. ಡಿಸೆಂಬರ್ 5ಕ್ಕೆ ಒಂದು, ಜನವರಿ 5ಕ್ಕೆ ಒಂದು. ಅವರು ಕೊಟ್ಟಿದ್ದ ಇಮೇಲು ಮಗನ ಫೋನಿನದು. ಎರಡನೆಯ ಪತ್ರ ಮುಟ್ಟಿದಾಗ ಅವರ ಹೆಂಡತಿ ಫೋನ್ ಮಾಡಿದರು. ಬೈಯಲಿಲ್ಲ. "ತಮ್ಮಾ, ಅವರು ಹೋದದ್ದು ನಿಮಗೆ ಗೊತ್ತಿಲ್ಲವಾ? ಎಷ್ಟು ಕೊಡಬೇಕು ಹೇಳಿ, ಕಳುಹಿಸುತ್ತೇವೆ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಅಂದೇ ರಾತ್ರಿ ಕಂಪ್ಯೂಟರಿನ ಮುಂದೆ ಕುಳಿತೆ. ಪತ್ರ ಕಳುಹಿಸುವುದು ಆ ನೋಟೀಸಿನ ಆಡ್-ಆನ್ ತಾನೆ, ಅದನ್ನೇ ಕಿತ್ತುಬಿಡೋಣ ಎಂದುಕೊಂಡೆ. ಶೀಟಿನ ಮೇಲುಗಡೆ ಎಕ್ಸ್‌ಟೆನ್ಶನ್ಸ್ ಎಂಬ ಪಟ್ಟಿ ಇದೆ. ಅದರೊಳಗೆ ಆಡ್-ಆನ್ಸ್, ಅದರೊಳಗೆ ಮ್ಯಾನೇಜ್ ಆಡ್-ಆನ್ಸ್. ಅಲ್ಲಿ ಪ್ರತಿಯೊಂದರ ಮೂಲೆಯಲ್ಲಿ ಮೂರು ಚುಕ್ಕಿ. ಒತ್ತಿದರೆ ಅನ್‌ಇನ್‌ಸ್ಟಾಲ್. ಒತ್ತಿದೆ, ಹೋಯಿತು. ಕೈ ತೊಳೆದುಕೊಂಡೆ. ಇರಲಿ ಎಂದು ಚಂದಾ ಕೂಡಿಸುವ ಆಡ್-ಆನನ್ನೂ ಕಿತ್ತೆ. ಕಿತ್ತ ಮರುಕ್ಷಣ ಒಟ್ಟು ಮೊತ್ತದ ಕೋಣೆಗಳಲ್ಲಿ ಅಂಕಿ ಇದ್ದಲ್ಲೆಲ್ಲ ಹ್ಯಾಶ್ ಗುರುತು, ನೇಮ್ ಎಂಬ ಇಂಗ್ಲಿಷ್ ಶಬ್ದ, ಪ್ರಶ್ನಾರ್ಥಕ ಚಿಹ್ನೆ. ಮೂರು ವರ್ಷದ ಮೊತ್ತಗಳು ಕಾಣೆ! ಎದೆ ಧಸಕ್ಕೆಂದಿತು. ಕಾರಣ ಆಮೇಲೆ ತಿಳಿಯಿತು. ಆ ಕೋಣೆಗಳಲ್ಲಿ ಅಂಕಿ ಇರಲಿಲ್ಲ, ಆಡ್-ಆನಿನ ಸೂತ್ರವಿತ್ತು. ಸೂತ್ರ ಬಲ್ಲವನನ್ನೇ ಓಡಿಸಿದ ಮೇಲೆ ಉತ್ತರ ಹೇಳುವವರು ಯಾರು? ಕೀಳುವ ಮೊದಲು ಇಡೀ ಪುಸ್ತಕದ ಒಂದು ನಕಲು ತೆಗೆದಿಡಬೇಕಾಗಿತ್ತು. ಆ ಕೋಣೆಗಳನ್ನು ನಕಲು ಮಾಡಿ, ಕಂಟ್ರೋಲ್, ಶಿಫ್ಟ್, ವಿ ಮೂರನ್ನೂ ಒಟ್ಟಿಗೆ ಒತ್ತಿ ಅಲ್ಲೇ ಅಂಟಿಸಿದರೆ ಸೂತ್ರ ಹೋಗಿ ಬರೀ ಅಂಕಿ ಉಳಿಯುತ್ತದೆ. ಆ ಮೇಲೆ ಕೀಳಬಹುದು. ನಾನು ತಿರುಗಿ ಅದನ್ನೇ ಸಿಕ್ಕಿಸಿ, ಅಂಕಿ ಉಳಿಸಿಕೊಂಡು, ಮತ್ತೆ ಕಿತ್ತೆ. ಬೆಳಗಿನ ಜಾವ ಮೂರು ಗಂಟೆ.

ಫೆಬ್ರವರಿ 5ಕ್ಕೆ ಆ ಮನೆಗೆ ಮತ್ತೆ ಪತ್ರ ಹೋಯಿತು. ಮಾರ್ಚ್ 5ಕ್ಕೂ ಹೋಯಿತು, ಏಪ್ರಿಲ್ 5ಕ್ಕೂ ಹೋಯಿತು. ಈ ಸಲ ಆ ತಾಯಿ ಫೋನ್ ಮಾಡಲೇ ಇಲ್ಲ. ಐದನೆಯ ಪತ್ರವಾದ ಮೇಲೆ ಮಗ ಒಂದು ಸಾಲು ಬರೆದ, ಅದನ್ನು ಇಲ್ಲಿ ಓದುವುದಿಲ್ಲ.

ನಾನು ಕಿತ್ತದ್ದು ಬೇರೆ, ಪತ್ರ ಬರೆಯುತ್ತಿದ್ದುದು ಬೇರೆ. ಬಾಕಿಯ ಪತ್ರ ಹೋಗುತ್ತಿದ್ದುದು ಹುಡುಗನ ಸ್ಕ್ರಿಪ್ಟಿನಿಂದ. ಆ ಸ್ಕ್ರಿಪ್ಟು ಎಕ್ಸ್‌ಟೆನ್ಶನ್ಸ್ ಪಟ್ಟಿಯಲ್ಲೇ ಆಪ್ಸ್ ಸ್ಕ್ರಿಪ್ಟ್ ಎಂಬ ಬೇರೆ ಬಾಗಿಲಿನ ಹಿಂದೆ ಕುಳಿತಿದೆ. ಅಲ್ಲಿ ಎಡಗಡೆ ಗಡಿಯಾರದ ಒಂದು ಚಿತ್ರವಿದೆ. ಅದರ ಹೆಸರು ಟ್ರಿಗರ್, ಅಂದರೆ ಗಂಟೆ. ಗಂಟೆ ಬಾರಿಸಿದಾಗ ಸ್ಕ್ರಿಪ್ಟು ಏಳುತ್ತದೆ. ಗಮನವಿಟ್ಟು ಕೇಳಬೇಕು: ಗಂಟೆ ಯಾವಾಗಲೂ ಕಟ್ಟಿದವನ ಖಾತೆಯ ಹೆಸರಿನಲ್ಲೇ ಬಾರಿಸುತ್ತದೆ. ಹುಡುಗ ತನ್ನ ಸ್ವಂತ ಖಾತೆಯಿಂದ ಕಟ್ಟಿದ್ದ. ಕಾಲೇಜು ಮುಗಿಸಿ ಬೆಂಗಳೂರಿಗೆ ನೌಕರಿಗೆ ಹೋದ. ಅವನು ಹೋದರೂ ಅವನ ಗಂಟೆ ಇಲ್ಲಿ ಬಾರಿಸುತ್ತಲೇ ಇತ್ತು. ನಾನು ನನ್ನ ಖಾತೆಯಿಂದ ಎಷ್ಟು ಹುಡುಕಿದರೂ ತೆಗೆಯುವ ಅಧಿಕಾರ ನನಗಿಲ್ಲ. ಒಂದು ಭಾನುವಾರ ರಾತ್ರಿ ಅವನ ತಂದೆಯಿಂದ ಫೋನ್ ಮಾಡಿಸಿದೆ. ಅವನು ಅಲ್ಲೇ ಕುಳಿತು ಎರಡು ನಿಮಿಷದಲ್ಲಿ ಗಂಟೆ ಬಿಚ್ಚಿದ. ಪಾಪ, ಅವನಿಗೂ ಬಹಳ ಬೇಸರವಾಯಿತು. ಅವನ ತಪ್ಪೆಂದು ನಾನು ಹೇಳಲಾರೆ. ಯಾರು ಬಿಚ್ಚಬೇಕೆಂದು ಕೇಳದೆ ಕಟ್ಟಿಸಿಕೊಂಡವರು ನಾವು.

ಗಿರಣಿಯಲ್ಲಿ ದುಡಿದ ಹಿರಿಯರು ಮುಂದಿನ ಸಾಲಿನಲ್ಲಿದ್ದಾರೆ. ಈ ಕಥೆಯನ್ನು ಅವರಲ್ಲೊಬ್ಬರಿಗೆ ಹೇಳಿದಾಗ, "ನಿನ್ನ ಯಂತ್ರಕ್ಕೆ ದಾರ ಕಡಿದದ್ದು ಗೊತ್ತಾಗುವುದಿಲ್ಲವೇನು?" ಎಂದು ಕೇಳಿದರು. ನನಗೆ ಆ ಮಾತು ಬಹಳ ಹಿಡಿಸಿತು. ಜಪಾನಿನ ಟೊಯೊಡಾ ಸಾಕಿಚಿ 1924ರಲ್ಲಿ ಒಂದು ಸ್ವಯಂಚಾಲಿತ ಮಗ್ಗ ಮಾಡಿದ. ಅದು ಓಡುತ್ತಿರುವಂತೆಯೇ ಲಾಳಿ ಬದಲಿಸಿಕೊಳ್ಳುತ್ತಿತ್ತು, ದಾರ ಕಡಿದರೆ ತಾನಾಗಿ ನಿಲ್ಲುತ್ತಿತ್ತು. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ ಆ ಮಗ್ಗದ ಹಕ್ಕನ್ನು ಕೊಂಡಿತು. ನೂರು ವರ್ಷದ ಹಿಂದಿನ ಮಗ್ಗಕ್ಕೆ ಇದ್ದ ಬುದ್ಧಿಯನ್ನು ನಮ್ಮ ಸ್ಕ್ರಿಪ್ಟಿಗೆ ನಾವು ಕೊಡಲಿಲ್ಲ. ಷರಾದಲ್ಲಿ 'ದಿವಂಗತ' ಎಂದಿದ್ದರೆ ನಿಲ್ಲು ಎಂದು ಒಂದು ಸಾಲು ಬರೆಸಿದ್ದರೆ ಸಾಕಾಗಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಇದು ನನ್ನ ನಾಚಿಕೆಯ ಕಥೆ ಮಾತ್ರ ಆಗುತ್ತಿತ್ತು. ಗಂಟೆ ಬಿಚ್ಚಿದ ಮೇಲೆ ಹುಡುಗನನ್ನು ಕೇಳಿದೆ: "ಇನ್ನೇನಾದರೂ ಉಳಿದಿದೆಯೇನಪ್ಪಾ?" ಅವನು ಸಂಘದ ಗೂಗಲ್ ಖಾತೆ ತೆರೆಯಲು ಹೇಳಿ, ಭದ್ರತೆಯ ಪುಟದಲ್ಲಿ, ಖಾತೆಗೆ ಸಂಪರ್ಕವಿರುವ ಹೊರಗಿನ ಆಪ್‌ಗಳ ಪಟ್ಟಿ ಎಲ್ಲಿದೆಯೆಂದು ತೋರಿಸಿದ. ನೋಡಿದರೆ ಏಳು ಹೆಸರು! ನಾಲ್ಕು ಗೊತ್ತಿದ್ದವು. ಉಳಿದ ಮೂರರಲ್ಲಿ ಎರಡು ನಾನು ಜನವರಿಯಲ್ಲಿ ಕಿತ್ತು ಎಸೆದೆನೆಂದು ತಿಳಿದಿದ್ದ ಆಡ್-ಆನುಗಳು. ಇನ್ನೊಂದನ್ನು ಹಿಂದಿನ ಕಾರ್ಯದರ್ಶಿಗಳು ಯಾವಾಗಲೋ ಹಾಕಿ ನೋಡಿ ಬಿಟ್ಟದ್ದು.

ಇಲ್ಲಿಯೇ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೆ. ಹೋಟೆಲಿನಲ್ಲಿ ಸ್ಟೋರಿನವನು ಕೆಲಸ ಬಿಟ್ಟನೆನ್ನಿ. ಅವನು ನಾಳೆಯಿಂದ ಬರುವುದಿಲ್ಲ, ಅದು ಒಂದು. ಸ್ಟೋರಿನ ಕೀಲಿ ಕೊಟ್ಟನೇ, ಅದು ಇನ್ನೊಂದು. ಧಣಿಗಳು ಕೀಲಿ ಎಣಿಸಿಕೊಳ್ಳದೆ ಲೆಕ್ಕ ಚುಕ್ತಾ ಮಾಡುವುದಿಲ್ಲ. ನಾವು ಆಡ್-ಆನ್ ಸಿಕ್ಕಿಸುವಾಗ ಅಲೌ ಎಂದು ಒತ್ತುತ್ತೇವಲ್ಲ, ಆಗ ಗೂಗಲ್ ನಮ್ಮ ಪರವಾಗಿ ಆ ಕಂಪನಿಗೆ ಒಂದು ಕೀಲಿ ಕೊಡುತ್ತದೆ. ಅದು ನಮ್ಮ ಪಾಸ್‌ವರ್ಡ್ ಅಲ್ಲ, ಬೇರೆಯೇ ಕೀಲಿ. ಪಾಸ್‌ವರ್ಡ್ ಬದಲಿಸಿದರೂ ಅಂಥ ಎಲ್ಲ ಕೀಲಿಗಳೂ ರದ್ದಾಗುವುದಿಲ್ಲ. ಅನ್‌ಇನ್‌ಸ್ಟಾಲ್ ಎಂದು ಒತ್ತಿದರೆ ನಮ್ಮ ಕಣ್ಣೆದುರಿಗಿನ ಪಟ್ಟಿಯಿಂದ ಆಳು ಹೋಗುತ್ತಾನೆ. ಕೀಲಿ ಅವನ ಜೇಬಿನಲ್ಲೇ ಉಳಿದಿರಬಹುದು. ಅದನ್ನು ಆ ಇನ್ನೊಂದು ಪುಟಕ್ಕೆ ಹೋಗಿ ಸಂಪರ್ಕ ಅಳಿಸಿಯೇ ಕಸಿದುಕೊಳ್ಳಬೇಕು. ಹಾಗೆ ಕಸಿದುಕೊಂಡರೂ, ಅವನು ಈಗಾಗಲೇ ಸ್ಟೋರಿನಿಂದ ಹೊತ್ತೊಯ್ದ ಸಕ್ಕರೆ ತಿರುಗಿ ಬರುವುದಿಲ್ಲ. ಆ ಕಂಪನಿ ತನ್ನ ಕಂಪ್ಯೂಟರಿಗೆ ನಕಲು ಮಾಡಿಕೊಂಡದ್ದನ್ನು ಅಳಿಸಿರೆಂದು ಅವರಿಗೇ ಬರೆದು ಕೇಳಬೇಕು.

ಎಂತಹ ಕೀಲಿ ಕೊಟ್ಟಿದ್ದೆವೆಂದು ಅಂದು ಮೊದಲ ಸಲ ಓದಿದೆ. ನಾನು ಏಳನೆಯ ಇಯತ್ತೆ ಕಲಿತವನು, ಇಂಗ್ಲಿಷ್ ಚೀಟಿ ಬಂದರೆ ಕೆಳಗಿನ ನೀಲಿ ಗುಂಡಿಯನ್ನು ಹುಡುಕುವುದೇ ರೂಢಿ. ಹುಡುಗ ಕನ್ನಡದಲ್ಲಿ ಹೇಳಿದ. ಒಂದು ಸಾಲು: ನಿಮ್ಮ ಎಲ್ಲ ಶೀಟುಗಳನ್ನು ನೋಡಲು, ತಿದ್ದಲು, ಹೊಸದು ಮಾಡಲು, ಅಳಿಸಲು ಅನುಮತಿ. ನೋಟೀಸಿನ ಹಾಳೆ ಒಂದಕ್ಕಲ್ಲ, ಎಲ್ಲಕ್ಕೂ. ಇನ್ನೊಂದು ಸಾಲು: ಹೊರಗಿನ ಸೇವೆಗೆ ಸಂಪರ್ಕಿಸಲು ಅನುಮತಿ. ಮತ್ತೊಂದು ಸಾಲು: ನೀವು ಇಲ್ಲದಿರುವಾಗಲೂ ನಡೆಯಲು ಅನುಮತಿ. ಈ ಕೊನೆಯ ಸಾಲನ್ನು ಕೇಳಿ ನಾನು ಸುಮ್ಮನಾದೆ. ನಾವು ಇಲ್ಲದಿರುವಾಗ ಗಲ್ಲೆಯ ಮೇಲೆ ಕುಳಿತುಕೊಳ್ಳಲು ಮುಖ ಕಾಣದವರಿಗೆ ಒಪ್ಪಿಗೆ ಕೊಟ್ಟಿದ್ದೆವು, ಅದೇ ಕಪಾಟಿನಲ್ಲಿ ಓವರ್‌ಟೈಮ್ ಹೇಳಿಕೆಗಳಿದ್ದುವು.

ಆ ಹೇಳಿಕೆಗಳು ಯಾರ ಕೈಗಾದರೂ ಹೋದುವೇ? ಹೋದ ಕುರುಹು ನಮಗೆ ಕಂಡಿಲ್ಲ. ಆ ಕಂಪನಿಗಳು ಕಳ್ಳರೆಂದು ಹೇಳಲು ನನ್ನ ಬಳಿ ಆಧಾರವೂ ಇಲ್ಲ. ಆದರೆ ಇಂದು ಒಳ್ಳೆಯವನ ಕೈಯಲ್ಲಿರುವುದು ನಾಳೆ ಯಾರ ಕೈಯಲ್ಲಿರುತ್ತದೆ? ಹೋಟೆಲು ಕೈ ಬದಲಾಗುವುದನ್ನು ನಾವು ಎಷ್ಟು ಸಲ ನೋಡಿಲ್ಲ! ರಾತ್ರಿ ಒಬ್ಬ ಧಣಿ, ಬೆಳಿಗ್ಗೆ ಇನ್ನೊಬ್ಬ. ಬೋರ್ಡು ಅದೇ, ಗಿರಾಕಿಗೆ ಸುದ್ದಿಯೇ ಇಲ್ಲ. ಕ್ರೋಮಿನಲ್ಲಿ ದಿ ಗ್ರೇಟ್ ಸಸ್ಪೆಂಡರ್ ಎಂಬ ಎಕ್ಸ್‌ಟೆನ್ಶನ್ ಇತ್ತು. ಬಳಸದೆ ತೆರೆದಿಟ್ಟ ಪುಟಗಳನ್ನು ಮಲಗಿಸಿ ಕಂಪ್ಯೂಟರಿನ ಹೊರೆ ಕಡಿಮೆ ಮಾಡುವ ಒಳ್ಳೆಯ ಕೆಲಸ ಅದರದು. 20 ಲಕ್ಷಕ್ಕೂ ಹೆಚ್ಚು ಜನ ಬಳಸುತ್ತಿದ್ದರು. 2020ರಲ್ಲಿ ಅದನ್ನು ಮಾಡಿದವನು ಯಾರೋ ಗುರುತಿಲ್ಲದವರಿಗೆ ಮಾರಿದ. ಎಕ್ಸ್‌ಟೆನ್ಶನುಗಳು ತಾವಾಗಿ ನವೀಕರಣವಾಗುತ್ತವೆ, ನಮ್ಮನ್ನು ಕೇಳುವುದಿಲ್ಲ. ಹೊಸ ಧಣಿ ಒಳಗೆ ಬೇರೆ ಸರಕು ಸೇರಿಸಿದ. 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಅಂಗಡಿಯಿಂದ ತೆಗೆದು, ಜನರ ಕಂಪ್ಯೂಟರುಗಳಲ್ಲೂ ನಿಲ್ಲಿಸಿತು. ಅಷ್ಟು ದಿನ ಬಳಸಿದವರ ತಪ್ಪೇನು? ಒಮ್ಮೆ ಕೊಟ್ಟ ಕೀಲಿಯನ್ನು ಮರೆತದ್ದು, ಅಷ್ಟೇ.

ವಾಟ್ಸಾಪಿನ ವಿಷಯವನ್ನು ಬೇಗ ಮುಗಿಸುತ್ತೇನೆ. ಒಂದೇ ಸಲಕ್ಕೆ ನೂರಾರು ಜನರಿಗೆ ಸಂದೇಶ ಕಳುಹಿಸುವ ಎಕ್ಸ್‌ಟೆನ್ಶನ್ ಹಾಕೋಣ ಎಂದು ತರುಣರು ಕೇಳುತ್ತಿದ್ದಾರೆ. ಬೇಡ. ಅದು ವಾಟ್ಸಾಪಿನ ನಿಯಮಕ್ಕೆ ವಿರುದ್ಧ. ಸಂಘದ ನಂಬರನ್ನೇ ಅವರು ಮುಚ್ಚಬಹುದು. ಅಂತಹ ದುರ್ಬಳಕೆಯ ಮೇಲೆ 2019ರ ಡಿಸೆಂಬರ್ 7ರಿಂದ ಕಾನೂನು ಕ್ರಮವನ್ನೂ ಜರುಗಿಸುವುದಾಗಿ ಅವರು ಸಾರಿದ್ದರು. ಮತ್ತೆ, ಅಂಥದ್ದನ್ನು ಈಗಾಗಲೇ ಯಾರದ್ದಾದರೂ ಕಂಪ್ಯೂಟರಿನಲ್ಲಿ ಹಾಕಿ ತೆಗೆದಿದ್ದರೆ, ಫೋನಿನಲ್ಲಿ ಲಿಂಕ್ಡ್ ಡಿವೈಸಸ್ ಎಂಬಲ್ಲಿ ನೋಡಿ ಆ ಕಂಪ್ಯೂಟರನ್ನು ಲಾಗ್ ಔಟ್ ಮಾಡಿರಿ.

ಹಣದ ಮಾತೂ ಒಂದಿದೆ. ಕೆಲವು ಆಪ್‌ಗಳು ಮೊದಲ ತಿಂಗಳು ಬಿಟ್ಟಿ ಎನ್ನುತ್ತವೆ, ಯುಪಿಐ ಆಟೋಪೇಗೆ ಒಪ್ಪಿಗೆ ಪಡೆಯುತ್ತವೆ. ಆಪ್ ತೆಗೆದರೂ ಆ ಒಪ್ಪಿಗೆ ಬ್ಯಾಂಕಿನಲ್ಲಿ ಜೀವಂತ. ಹಣ ಕಳುಹಿಸುವ ಆಪಿನೊಳಗೆ ಆಟೋಪೇ ಪಟ್ಟಿ ತೆರೆದು ರದ್ದು ಮಾಡಬೇಕು. ನಮ್ಮ ಒಬ್ಬ ಸಪ್ಲೈಯರ್ ಹುಡುಗನ ಖಾತೆಯಿಂದ, ಅವನು ಮರೆತೇ ಬಿಟ್ಟಿದ್ದ ಆಪಿಗೆ, ನಾಲ್ಕು ತಿಂಗಳು ಹಣ ಹೋಗಿದೆ. ಅವನು ಇಲ್ಲಿಯೇ ಇದ್ದಾನೆ, ನಗುತ್ತಿದ್ದಾನೆ. ಅಂದು ನಗಲಿಲ್ಲ.

ಕಾಯಿದೆ ಏನು ಹೇಳುತ್ತದೆ ಎಂದು ಕೇಳುತ್ತೀರಿ. 2023ರಲ್ಲಿ ಪಾರ್ಲಿಮೆಂಟು ಡಿಜಿಟಲ್ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಕಾಯಿದೆ ಮಾಡಿದೆ. ಅದರ 6ನೆಯ ಕಲಮಿನಲ್ಲಿ, ಒಪ್ಪಿಗೆಯನ್ನು ಕೊಡುವುದು ಎಷ್ಟು ಸುಲಭವೋ ಹಿಂದಕ್ಕೆ ಪಡೆಯುವುದೂ ಅಷ್ಟೇ ಸುಲಭವಾಗಿರಬೇಕೆಂಬ ಅರ್ಥದ ಮಾತಿದೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದುವು. ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಅವಧಿ ಇಟ್ಟಿದ್ದಾರೆ. ಒಂದು ಸಲ ಒತ್ತಿ ಕೊಟ್ಟದ್ದನ್ನು ಮೂರು ಬಾಗಿಲು ಹುಡುಕಿ ಹಿಂಪಡೆಯಬೇಕಾದ ಸ್ಥಿತಿ ಈ ಮಾತಿಗೆ ಒಪ್ಪುವಂಥದಲ್ಲ ಎಂದು ನನ್ನ ಅಭಿಪ್ರಾಯ. ವಕೀಲರು ಬೇರೆ ಹೇಳಿದರೆ ಕೇಳೋಣ. ಮತ್ತು ಈ ಕಾಯಿದೆ ಗೂಗಲಿಗೆ ಮಾತ್ರವಲ್ಲ. ಸದಸ್ಯರ ಮಾಹಿತಿಯನ್ನು ಇಟ್ಟುಕೊಂಡಿರುವ ನಮ್ಮ ಸಂಘಕ್ಕೂ ಹೊಣೆ ಇದೆ ಎಂಬುದನ್ನು ಕಾರ್ಯಕಾರಿ ಸಮಿತಿ ಮರೆಯಬಾರದು.

ಸಮಿತಿಯಲ್ಲಿ ಒಬ್ಬರು, "ಈ ಪೀಡೆಯೇ ಬೇಡ, ಹಳೆಯ ಬುಕ್ಕಿಗೆ ಹೋಗೋಣ" ಎಂದರು. ನಾನು ಒಪ್ಪಲಿಲ್ಲ. ರುಬ್ಬುಕಲ್ಲಿನ ಮುಂದೆ ರಟ್ಟೆ ಸೋತವನಿಗೆ ಗ್ರೈಂಡರಿನ ಬೆಲೆ ಗೊತ್ತು. ಬಾಕಿಯ ಸ್ಕ್ರಿಪ್ಟನ್ನು ತಿರುಗಿ ಹಾಕಿದ್ದೇವೆ. ಆದರೆ ಈಗ ಅದು ಸಂಘದ ಖಾತೆಯಿಂದಲೇ ಕಟ್ಟಿದ ಗಂಟೆ, ಯಾವ ಹುಡುಗನ ಸ್ವಂತ ಖಾತೆಯದೂ ಅಲ್ಲ. ಪತ್ರವನ್ನು ಅದು ಕಳುಹಿಸುವುದಿಲ್ಲ, ಡ್ರಾಫ್ಟ್ ಮಾಡಿ ಇಡುತ್ತದೆ. 5ನೆಯ ತಾರೀಖು ಸಂಜೆ ಖಜಾಂಚಿಗಳು ಹೆಸರುಗಳನ್ನು ಒಂದೊಂದಾಗಿ ಓದಿ, ಆಸ್ಪತ್ರೆಯಲ್ಲಿರುವವರನ್ನು, ಕೆಲಸ ಕಳೆದುಕೊಂಡವರನ್ನು ಬಿಟ್ಟು ಉಳಿದವರಿಗೆ ಕಳುಹಿಸುತ್ತಾರೆ. ಅರ್ಧ ತಾಸು ಹಿಡಿಯುತ್ತದೆ. ಎರಡು ರಾತ್ರಿಗಿಂತ ಕಡಿಮೆ. ಓವರ್‌ಟೈಮ್ ಹೇಳಿಕೆಗಳ ಹಾಳೆಯನ್ನು ಆ ಖಾತೆಯಿಂದಲೇ ತೆಗೆದು, ಕಾಗದದ ಮೇಲೆ ಬರೆದು, ಉಕ್ಕಿನ ಕಪಾಟಿನಲ್ಲಿಟ್ಟಿದ್ದೇವೆ. ಅದಕ್ಕೆ ಯಂತ್ರ ಬೇಕಾಗಿಲ್ಲ.

ಸಾಮಾನಿನ ರಿಜಿಸ್ಟರಿನಂತೆ ಇದಕ್ಕೂ ಒಂದು ರಿಜಿಸ್ಟರು ಮಾಡಿದ್ದೇನೆ. ಯಾವ ಆಡ್-ಆನ್, ಯಾವ ದಿನ ಹಾಕಿದ್ದು, ಯಾರ ಖಾತೆಯಿಂದ, ಏನೇನು ಅನುಮತಿ, ಗಂಟೆ ಇದೆಯೇ, ತೆಗೆದ ದಿನ, ಕೀಲಿ ಹಿಂಪಡೆದ ದಿನ. ಕೊನೆಯ ಎರಡು ಕೋಣೆಗಳಿಗೂ ಸಹಿ ಬೀಳದೆ ತೆಗೆದದ್ದೆಂದು ಲೆಕ್ಕವಿಲ್ಲ. ಆ ಏಳರಲ್ಲಿ ಈಗ ಎರಡು ಉಳಿದಿವೆ.

ಆ ಮನೆಗೆ ನಾನೇ ಹೋಗಿ ಬಂದೆ. ಪರಿಹಾರ ನಿಧಿಯ ಚೆಕ್ಕನ್ನು ಕೈಯಲ್ಲಿ ಕೊಟ್ಟೆ. ಐದು ಪತ್ರದ ವಿಷಯ ನಾನು ಎತ್ತಿದೆ, ಅವರು ಎತ್ತಲಿಲ್ಲ. ಚಹಾ ಕೊಟ್ಟರು.

ಸಭೆ ಮುಗಿದ ಮೇಲೆ ಬಾಗಿಲ ಬಳಿಯ ಮೇಜಿನ ಹತ್ತಿರ ನಾನೂ ಇಬ್ಬರು ತರುಣರೂ ಕುಳಿತಿರುತ್ತೇವೆ. ಫೋನ್ ತಂದವರು ತೋರಿಸಿರಿ; ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ನಿಮ್ಮ ಖಾತೆಗೆ ಯಾರ್ಯಾರ ಸಂಪರ್ಕವಿದೆಯೆಂದು ಒಟ್ಟಿಗೆ ನೋಡೋಣ. ಪಾಸ್‌ವರ್ಡ್ ನೀವೇ ಒತ್ತಬೇಕು, ನಮಗೆ ಹೇಳಬಾರದು. ನಾಳೆ ಬೆಳಗಿನ ಪಾಳಿಯವರು ಮೊದಲು ಬರಲಿ, ಉಳಿದವರು ದಯವಿಟ್ಟು ಕಾಯಿರಿ.